ಲಾಡ್ಜಿನವರಿಗೆ ಹೊರಡುವಾಗ ಏನು ಕೊಡುವುದು? (ಚಿಕಿತ್ಸೆಗೆಂದು ಮಣಿಪಾಲದಲ್ಲಿ ಉಳಿದಿದ್ದೇವೆ)

ಸಾಗರದವಳು:

ಎಲ್ಲರಿಗೂ ನಮಸ್ಕಾರ. ಅಪ್ಪಯ್ಯನಿಗೆ ಬಾಯಿಯ ಕ್ಯಾನ್ಸರ್. ಮಣಿಪಾಲದಲ್ಲಿ ರೇಡಿಯೇಶನ್ ನಡೀತಾ ಇದೆ, ಮುಂದಿನ ವಾರ ಮುಗಿಯುತ್ತದೆ. ವಾರಕ್ಕೆ ಐದು ದಿನ ಕೊಡುತ್ತಾರೆ, ಶನಿವಾರ ಭಾನುವಾರ ಬಿಡುವು. ಆ ಎರಡು ದಿನಕ್ಕಾಗಿ ಈ ಮಳೆಯಲ್ಲಿ ಹುಲಿಕಲ್ ಘಾಟಿ ಹತ್ತಿ ಇಳಿಯುವ ಶಕ್ತಿ ಅವರಿಗಿಲ್ಲ. ಹಾಗಾಗಿ ಜೂನ್ ಶುರುವಿನಿಂದ ಆಸ್ಪತ್ರೆಗೆ ಹತ್ತಿರದ ಒಂದು ಲಾಡ್ಜಿನಲ್ಲೇ ನಾವಿಬ್ಬರೂ ಇದ್ದೇವೆ.

ಇಲ್ಲಿಯ ಕೆಲಸದವರು ನಮ್ಮನ್ನು ನೋಡಿಕೊಂಡ ರೀತಿಗೆ ಏನಾದರೂ ಕೊಡದೆ ಹೊರಡಲು ನನ್ನಿಂದ ಸಾಧ್ಯವಿಲ್ಲ. ಏನು ಕೊಡುವುದು ಎಂಬುದೇ ಬಗೆಹರಿಯುತ್ತಿಲ್ಲ. ಯಾರು ಏನು ಮಾಡಿದರು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಆಗ ನಿಮಗೂ ಸಲಹೆ ಕೊಡಲು ಸುಲಭ.

ಕೆಳಗೆ ಲಾಡ್ಜಿನದೇ ಸಣ್ಣ ಸಸ್ಯಾಹಾರಿ ಹೋಟೆಲ್ ಇದೆ. ಮೂರನೇ ವಾರಕ್ಕೆ ಅಪ್ಪಯ್ಯನ ಬಾಯಿ ತುಂಬ ಹುಣ್ಣಾಯಿತು. ಉಪ್ಪು ತಾಗಿದರೂ ಕಣ್ಣಲ್ಲಿ ನೀರು. ಅಡುಗೆ ಭಟ್ಟರು ನಾನು ಕೇಳುವ ಮೊದಲೇ ಕುಚ್ಚಲಕ್ಕಿ ಗಂಜಿಯನ್ನು ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಉಗುರು ಬೆಚ್ಚಗೆ ಮಾಡಿ ಕಳಿಸಲು ಶುರು ಮಾಡಿದರು. ಆಮೇಲೆ ಆಸ್ಪತ್ರೆಯಲ್ಲಿ ಅಪ್ಪಯ್ಯನಿಗೆ ಮೂಗಿನಿಂದ ನಳಿಕೆ ಹಾಕಿದರು. ನಳಿಕೆಗೆ ಹೋಗುವುದು ಒಂದು ಅಗುಳು ಕೂಡ ಇರದ ಹಾಗೆ ತೆಳುವಾಗಿರಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ರಾಗಿ ಅಂಬಲಿ, ಬೇಳೆ ಕಟ್ಟು, ಗಂಜಿ ತಿಳಿ, ಮಜ್ಜಿಗೆ, ಎರಡು ಮೂರು ಗಂಟೆಗೊಂದು. ಬೆಳಗಿನ ತಿಂಡಿಯ ಗಲಾಟೆಯಲ್ಲೂ ನಮ್ಮ ಪಾತ್ರೆ ಒಂದು ಬೇರೆ ಒಲೆಯ ಮೇಲೆ ಇರುತ್ತಿತ್ತು. ಹೆಚ್ಚಿನ ದುಡ್ಡು ಕೊಡಲು ಹೋದರೆ "ಕಾಯಿಲೆಯವರಿಗೆ ಮಾಡಿದ್ದಕ್ಕೆ ನಾನು ತಗೊಳ್ಳುವುದಿಲ್ಲ" ಅಂದುಬಿಟ್ಟರು.

ರೂಮ್ ಬಾಯ್ ಕುಷ್ಟಗಿ ಕಡೆಯ ಹುಡುಗ, ಹತ್ತೊಂಬತ್ತು ಇಪ್ಪತ್ತರ ಪ್ರಾಯ. ಉಪ್ಪು, ಸೋಡಾಪುಡಿ ಹಾಕಿ ಬಾಯಿ ಮುಕ್ಕಳಿಸಲು ರಾತ್ರಿಯೂ ಬಿಸಿನೀರು ಬೇಕು. ದಿನಾ ಮಲಗುವ ಮೊದಲು ಫ್ಲಾಸ್ಕ್ ತುಂಬಿಸಿ ಬಾಗಿಲ ಹೊರಗೆ ಇಡುತ್ತಾನೆ. ಕರೆಂಟ್ ಹೋಗಿ ಲಿಫ್ಟ್ ನಿಂತ ದಿನ ಅಪ್ಪಯ್ಯನನ್ನು ತೋಳಲ್ಲಿ ಆತುಕೊಂಡು ಮೆಟ್ಟಿಲು ಹತ್ತಿಸಿದ.

ಹೌಸ್‌ಕೀಪಿಂಗ್ ಅಕ್ಕ ಇಲ್ಲಿಯವರೇ. ಎಂಜಲು, ರಕ್ತ ತಾಗಿದ ದಿಂಬಿನ ಚೀಲ ದಿನಾ ಬದಲಿಸಿದರು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಅಪ್ಪಯ್ಯ ಬಹಳ ಸಂಕೋಚದ ಮನುಷ್ಯ, ಅದನ್ನು ಅವರು ಗಮನಿಸಿದ್ದಾರೆ. ರಾತ್ರಿ ವಾಚ್‌ಮನ್ ಒಬ್ಬರು ವಯಸ್ಸಾದವರು. ನಡುರಾತ್ರಿ ಜ್ವರ ಏರಿದಾಗ ಸುರಿಯುವ ಮಳೆಯಲ್ಲಿ ಮೇನ್ ರೋಡಿನವರೆಗೆ ಓಡಿ ಆಟೋ ಕರೆತಂದರು. ರಿಸೆಪ್ಶನ್‌ನವರು ದಿನಾ ಅದೇ ಆಟೋದವನನ್ನು ಗೊತ್ತು ಮಾಡಿಕೊಟ್ಟರು. ಬಟ್ಟೆ ಒಗೆಯುವವರು ಯಾರೆಂದೇ ನನಗೆ ಗೊತ್ತಿಲ್ಲ, ಈ ಮಳೆಗಾಲದಲ್ಲಿ ಒಣಗಿದ ಟವೆಲ್ ಮಾತ್ರ ತಪ್ಪದೆ ಬಂದಿದೆ.

ಪಕ್ಕದ ರೂಮಿನವರು "ತಲೆಗೆ ಐನೂರು ಕೊಟ್ಟು ಹೊರಡಿ" ಅನ್ನುತ್ತಾರೆ. ಬೆಂಗಳೂರಿನ ಅಕ್ಕ ಡ್ರೈ ಫ್ರೂಟ್ಸ್ ಡಬ್ಬಿಗಳನ್ನು ಆರ್ಡರ್ ಮಾಡುತ್ತೇನೆ ಅನ್ನುತ್ತಾಳೆ. ನನಗೆ ಎರಡೂ ಮನಸ್ಸಿಗೆ ಬರುತ್ತಿಲ್ಲ. ಬರೀ ದುಡ್ಡು ಕೊಟ್ಟರೆ ಲೆಕ್ಕ ಚುಕ್ತಾ ಮಾಡಿದ ಹಾಗೆ ಕಾಣುತ್ತದೆ. ಎಲ್ಲರಿಗೂ ಒಂದೇ ಡಬ್ಬಿ ಕೊಟ್ಟರೆ ಯಾರು ಏನು ಮಾಡಿದರೆಂದು ನಾನು ನೋಡೇ ಇಲ್ಲವೇನೋ ಅನ್ನಿಸಬಹುದು. ಊರಿನಿಂದ ತಮ್ಮ ಏನು ಬೇಕಾದರೂ ಕಳಿಸುತ್ತಾನೆ: ಜೋನಿ ಬೆಲ್ಲ (ನೀರು ಬೆಲ್ಲ), ಅಪ್ಪೆಮಿಡಿ ಉಪ್ಪಿನಕಾಯಿ, ಭೀಮನಕೋಣೆಯ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆ. ಹನ್ನೆರಡು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಹೋಟೆಲ್ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

---

ಕುಂದಾಪ್ರದವ:

ಮೊದಲಿಗೆ ತಂದೆಯವರು ಬೇಗ ಗುಣವಾಗಲಿ ಅಕ್ಕ. ರೇಡಿಯೇಶನ್ ಮುಗಿದ ಮೇಲೂ ಹುಣ್ಣು ಒಣಗಲು ಕೆಲವು ವಾರ ಹಿಡಿಯುತ್ತದೆ, ಊರಿಗೆ ಹೋದ ಮೇಲೂ ಗಂಜಿ ತಿಳಿ ಮುಂದುವರಿಸಬೇಕಾಗಬಹುದು. ಡಾಕ್ಟರ ಹತ್ರ ಕೇಳಿಕೊಂಡೇ ಹೊರಡಿ.

ನಾನು ಹೋಟೆಲ್ ಲೈನಿನಲ್ಲೇ ಇರುವವ. ಹೌಸ್‌ಕೀಪಿಂಗ್‌ನಲ್ಲಿ ಶುರು ಮಾಡಿ ಈಗ ಫ್ರಂಟ್ ಆಫೀಸ್. ಕೊಡುವವರ ಮನಸ್ಸು ಎಷ್ಟು ದೊಡ್ಡದಿದ್ದರೂ ಕೊಟ್ಟದ್ದು ಕೆಲಸದವನ ಮನೆ ತಲುಪದೆ ಹೋಗುವುದನ್ನು ಬೇಕಾದಷ್ಟು ಕಂಡಿದ್ದೇನೆ. ಅದಕ್ಕೇ ಕೊಡುವ ಕ್ರಮದಿಂದಲೇ ಶುರು ಮಾಡುತ್ತೇನೆ.

ರೂಮಿನಲ್ಲಿ ಏನನ್ನೂ ಬಿಟ್ಟು ಹೋಗಬೇಡಿ. ಗೆಸ್ಟ್ ಹೋದ ಮೇಲೆ ರೂಮಿನಲ್ಲಿ ಸಿಕ್ಕಿದ್ದು ಬಿಟ್ಟುಹೋದ ವಸ್ತುಗಳ ಪುಸ್ತಕದಲ್ಲಿ ಬರೆಯಲ್ಪಡುತ್ತದೆ, ಬೀರುವಿಗೆ ಹೋಗುತ್ತದೆ. ದಿಂಬಿನ ಮೇಲೆ ಇಟ್ಟ ದುಡ್ಡನ್ನು ಚೀಟಿ ಇಲ್ಲದಿದ್ದರೆ ಮುಟ್ಟಲು ಪ್ರಾಮಾಣಿಕ ಹುಡುಗರು ಹೆದರುತ್ತಾರೆ. ಮುಟ್ಟಿದರೂ ಅದು ಆ ದಿನ ರೂಮ್ ಕ್ಲೀನ್ ಮಾಡಿದವರಿಗೆ ಹೋಗುತ್ತದೆಯೇ ಹೊರತು ಇಷ್ಟು ದಿನ ನಿಮ್ಮನ್ನು ನೋಡಿಕೊಂಡವರಿಗಲ್ಲ.

ಹೊಸ ಬಟ್ಟೆ, ಡಬ್ಬಿ, ಕೊಡೆ, ಯಾವುದೇ ವಸ್ತು ಕೊಟ್ಟರೂ ಜೊತೆಗೆ ಒಂದು ಚೀಟಿ ಬರೆದುಕೊಡಿ. "ಇಂಥವರಿಗೆ ಇಂಥದ್ದನ್ನು ನಾನಾಗಿ ಸಂತೋಷದಿಂದ ಕೊಟ್ಟಿದ್ದೇನೆ", ರೂಮ್ ನಂಬರ್, ತಾರೀಕು, ಸಹಿ. ದೊಡ್ಡ ಹೋಟೆಲುಗಳಲ್ಲಿ ಕೆಲಸದವರು ಹಿಂದಿನ ಗೇಟಿನಿಂದ ಹೋಗುವಾಗ ಸೆಕ್ಯೂರಿಟಿಯವರು ಬ್ಯಾಗ್ ತೆರೆದು ನೋಡುತ್ತಾರೆ, ಗೇಟ್ ಪಾಸ್ ಬೇಕು. ಸಣ್ಣ ಲಾಡ್ಜಿನಲ್ಲಿ ಅಷ್ಟೆಲ್ಲ ಇರಲಿಕ್ಕಿಲ್ಲ. ಆದರೂ ನಾಳೆ ಬೇರೆ ಯಾವುದೋ ರೂಮಿನಲ್ಲಿ ಏನೋ ಕಾಣೆಯಾದರೆ ಮೊದಲು ಕೇಳುವುದು ಈ ಹುಡುಗರನ್ನೇ. ಆ ಹೊತ್ತಿಗೆ ನಿಮ್ಮ ಚೀಟಿ ಅವರ ಕೈಯಲ್ಲಿ ಇರಬೇಕು.

ಇನ್ನು, ಹೊರಡುವ ದಿನವೇ ಕೊಡುತ್ತೇನೆ ಅಂತ ಕಾಯಬೇಡಿ. ಅವತ್ತು ಒಬ್ಬರಿಗೆ ವೀಕ್ಲಿ ಆಫ್, ಇನ್ನೊಬ್ಬರಿಗೆ ನೈಟ್ ಡ್ಯೂಟಿ. ಎರಡು ದಿನ ಮೊದಲೇ ಯಾರು ಯಾವ ಶಿಫ್ಟ್ ಎಂದು ರಿಸೆಪ್ಶನ್‌ನಲ್ಲಿ ಕೇಳಿಕೊಳ್ಳಿ. ಒಬ್ಬರ ಪಾಲನ್ನು ಇನ್ನೊಬ್ಬರ ಕೈಯಲ್ಲಿ ಕೊಡುವುದು ಬೇಡ.

ದುಡ್ಡಿನ ಬಗ್ಗೆ ನಿಮಗೆ ಬಂದ ಅನುಮಾನ ನನಗೆ ಅರ್ಥವಾಗುತ್ತದೆ. ಆದರೆ ಅಕ್ಕ, ಸಂಬಳ ಕಡಿಮೆ ಇರುವವರಿಗೆ ದುಡ್ಡಿನಷ್ಟು ಉಪಯೋಗಕ್ಕೆ ಬರುವುದು ಬೇರೆ ಇಲ್ಲ. ಡ್ರೈ ಫ್ರೂಟ್ಸ್ ಡಬ್ಬಿ ಖಂಡಿತ ಬೇಡ. ಆ ಬೆಲೆಯಲ್ಲಿ ಒಂದು ಮನೆಗೆ ಹತ್ತು ದಿನದ ಹಾಲು ಬರುತ್ತದೆ. ದುಡ್ಡನ್ನು ಕವರಿನಲ್ಲಿ ಹಾಕಿ, ಮೇಲೆ ಹೆಸರು ಬರೆದು, ಎರಡು ಕೈಯಿಂದ ಕೊಡಿ. ಲೆಕ್ಕ ಚುಕ್ತಾ ಮಾಡಿದ ಹಾಗೆ ಯಾರಿಗೂ ಅನ್ನಿಸುವುದಿಲ್ಲ.

---

ಜಯನಗರ ನಾಲ್ಕನೇ ಬ್ಲಾಕ್:

ಮೇಡಂ, ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ಬೇಸರ ಮಾಡಿಕೊಳ್ಳಬೇಡಿ. ಆಸ್ಪತ್ರೆ ಪಕ್ಕದ ಲಾಡ್ಜಿನಲ್ಲಿ ಸಾಲ ಮಾಡಿ ಬಂದವರೂ ಇರುತ್ತಾರೆ. ಒಂದು ರೂಮಿನವರು ಕೈತುಂಬ ಕೊಟ್ಟರೆ, ಕೊಡಲಾಗದ ರೂಮಿನ ರೋಗಿಗೆ ನಾಳೆ ಬಿಸಿನೀರು ತಡವಾಗಬಹುದು. ನನ್ನ ತಾಯಿಯ ಚಿಕಿತ್ಸೆಗೆ ಬೇರೊಂದು ಊರಿನಲ್ಲಿ ಉಳಿದಾಗ ಇದನ್ನು ಕಣ್ಣಾರೆ ಕಂಡೆ. ದಿನಾ ಟಿಪ್ಸ್ ಕೊಡುವವರ ಬೆಲ್ ಮೊದಲು ಕೇಳಿಸುತ್ತಿತ್ತು. ಸರಿಯಾದ ಸಂಬಳ ಕೊಡುವುದು ಮಾಲೀಕರ ಹೊಣೆ. ಅದನ್ನು ಗೆಸ್ಟ್‌ಗಳ ಮೇಲೆ ಹಾಕಬಾರದು.

ಬಿಲ್ ಕೂಡ ನೋಡಿಕೊಳ್ಳಿ. ಸರ್ವಿಸ್ ಚಾರ್ಜ್ ಎಂದು ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಹಾಗೆ ಕಟ್ಟಿದ್ದು ಕೆಲಸದವರ ಕೈಗೆ ಹೋಗಿದೆ ಎಂದುಕೊಂಡು ಸುಮ್ಮನಾಗಬೇಡಿ.

---

ಸಾಗರದವಳು:

ಬೇಸರ ಯಾಕೆ, ನೀವು ಹೇಳಿದ್ದು ಸರಿಯಾದ ಮಾತು. ಇನ್ನೊಂದು ಪಕ್ಕದ ರೂಮಿನಲ್ಲಿ ಹಾವೇರಿ ಕಡೆಯ ಗಂಡ ಹೆಂಡತಿ ಇದ್ದಾರೆ, ಊಟವನ್ನೇ ಅಳೆದು ಮಾಡುತ್ತಾರೆ. ಅವರಿಗೂ ಅದೇ ಫ್ಲಾಸ್ಕ್, ಅದೇ ಗಂಜಿ ಹೋಗುತ್ತಿದೆ. ಅದಕ್ಕಾಗಿಯೇ ನಾನು ಇಷ್ಟು ದಿನ ಯಾರಿಗೂ ಏನೂ ಕೊಟ್ಟಿಲ್ಲ. ಕೊನೆಯ ರೇಡಿಯೇಶನ್ ಮುಗಿದು, ನಮಗೆ ಇನ್ನು ಅವರಿಂದ ಆಗಬೇಕಾದ್ದು ಏನೂ ಇಲ್ಲ ಎಂದಾದ ಮೇಲೆ ಕೊಡಬೇಕೆಂದಿದ್ದೇನೆ. ಸಂಬಳ ಕೊಡುವುದು ಮಾಲೀಕರ ಹೊಣೆ, ಒಪ್ಪಿದೆ. ಆದರೆ ಬಟ್ಟೆಯಲ್ಲಿ ಗಂಜಿ ಸೋಸುವುದು ಯಾವ ಸಂಬಳದ ಲೆಕ್ಕಕ್ಕೂ ಬರುವ ಕೆಲಸ ಅಲ್ಲವಲ್ಲ.

ಕುಂದಾಪ್ರದವರೇ, ಚೀಟಿಯ ವಿಷಯ ನನಗೆ ಹೊಳೆಯುತ್ತಲೇ ಇರಲಿಲ್ಲ. ತುಂಬ ಉಪಕಾರವಾಯಿತು.

---

ಗಜೇಂದ್ರಗಡದ ಅಕ್ಕ:

ಅಕ್ಕಾರ, ನಿಮ್ಮ ಅಪ್ಪಾರು ಹುಷಾರಾಗಿ ಮನಿ ಸೇರ್ಲಿ. ಆ ಕುಷ್ಟಗಿ ಹುಡುಗನ ಸುದ್ದಿ ಓದಿ ಬರೀಲಿಕ್ಕೆ ಕುಂತೆ. ನಮಗ ಕುಷ್ಟಗಿ ಬಾಜೂಕ ಐತಿ. ಆ ಕಡೀ ಹುಡುಗ್ರು ಉಡುಪಿ, ಮಂಗಳೂರು, ಗೋವಾಕ್ಕ ದುಡಿಯಾಕ ಹೋಗೋದು ಮೊದಲಿಂದಾನೂ ಐತ್ರಿ.

ನೀವು ಹೊರಡೋದು ಯಾವಾಗ? ಶ್ರಾವಣ ಹತ್ರ ಬಂತು, ಪಂಚಮಿ ಬಂತು. ನಮ್ಮ ಕಡೀ ಪಂಚಮಿಗೆ ಅಕ್ಕ ತಂಗೇರು ತವರಿಗೆ ಬರ್ತಾರ, ಉಂಡಿ ಕಟ್ತಾರ, ಜೋಕಾಲಿ ಹಾಕ್ತಾರ. ದುಡಿಯಾಕ ಹೋದ ಹುಡುಗ ಬರಿಗೈಲೆ ಬರಂಗಿಲ್ರಿ. ಅಕ್ಕಗ ಸೀರಿ, ಅವ್ವಗ ಸೀರಿ, ಸಣ್ಣ ಹುಡುಗ್ರಿಗೆ ಅಂಗಿ, ಬಸ್ಸಿನ ಚಾರ್ಜು. ಅಂವ ಈಗಾಗ್ಲೆ ಅದನ್ನ ಕೂಡಸಾಕ ಹತ್ತಿರ್ತಾನ. ಹಿಂಗಾಗಿ ಅಂವಗ ರೊಕ್ಕನ ಕೊಡ್ರಿ, ಅದೂ ಪಂಚಮಿಗಿಂತ ಮೊದಲ ಅವನ ಕೈಗೆ ಬರೂಹಂಗ ಕೊಡ್ರಿ. ನೀವ ಸೀರಿ ತಗೊಂಡು ಕೊಡಬ್ಯಾಡ್ರಿ. ಇಳಕಲ್ ಅವನ ಊರ ಮಗ್ಗಲಾಗ ಐತಿ, ಅವ್ವ ಯಾವ ಬಣ್ಣ ಉಡತಾಳ ಅಂತ ಅವಗ ಗೊತ್ತಿರ್ತದ. ಅಲ್ಲೇ ಹೋಗಿ ತಗೋತಾನ.

ಇನ್ನೊಂದು. ಅಂವಗ ರಜಾ ಸಿಗ್ತದೋ ಇಲ್ಲೋ ಕೇಳ್ರಿ. ಹೋಟೆಲಿನ್ಯಾಗ ಹಬ್ಬದ ರಜಾ ಸಿಗೋದು ಭಾಳ ಕಷ್ಟ. ನೀವು ಹೊರಡುಮುಂದ ಮ್ಯಾನೇಜರ್‌ಗ "ಈ ಹುಡುಗ ನಮ್ಮ ಅಪ್ಪನ್ನ ಮಗನ ಹಂಗ ನೋಡ್ಕೊಂಡಾನ, ಪಂಚಮಿಗೆ ನಾಕು ದಿನ ಕಳಸ್ರಿ" ಅಂತ ಒಂದು ಮಾತು ಹೇಳಿದ್ರ ಅದಕ್ಕಿಂತ ದೊಡ್ಡ ಕೊಡುಗಿ ಇಲ್ರಿ. ಗೆಸ್ಟ್ ಹೇಳಿದ್ರ ಕೇಳ್ತಾರ.

---

ಮುಲುಂಡ್ ಕನ್ನಡಿಗ:

ಗಜೇಂದ್ರಗಡದ ಅಕ್ಕ ಮ್ಯಾನೇಜರ್ ವಿಷಯ ಎತ್ತಿದ್ದು ಒಳ್ಳೆಯದಾಯಿತು. ನಾನೂ ಅದನ್ನೇ ಹೇಳಬೇಕೆಂದಿದ್ದೆ.

ನಮ್ಮ ತಂದೆ ಹೆಬ್ರಿ ಕಡೆಯವರು. ಅರವತ್ತರ ದಶಕದಲ್ಲಿ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದರು. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿ ಶಾಲೆ. ಊರಿನಿಂದ ಬಂದ ಹೋಟೆಲ್ ಹುಡುಗರಿಗಾಗಿಯೇ ನಮ್ಮವರು ನಡೆಸುತ್ತಿದ್ದ ಶಾಲೆಗಳು ಅವು, ಎಷ್ಟೋ ಜನ ಅಲ್ಲಿಂದಲೇ ಬ್ಯಾಂಕು, ವಕೀಲಿಕೆ ಎಂದು ಮುಂದೆ ಹೋದರು. ದಿನಾ ಬರುತ್ತಿದ್ದ ಗಿರಾಕಿಯೊಬ್ಬರು ವರ್ಗವಾಗಿ ಹೋಗುವಾಗ ತಂದೆಗೆ ಹತ್ತು ರೂಪಾಯಿ ಕೊಟ್ಟರು, ಜೊತೆಗೆ ಒಂದು ಕಾಗದ: ಈ ಹುಡುಗ ಲೆಕ್ಕದಲ್ಲಿ ಚುರುಕು, ನಂಬಿಕಸ್ಥ, ಮರೆತುಹೋದ ನನ್ನ ಪಾಕೀಟನ್ನು ಬಸ್ ಸ್ಟಾಪಿನವರೆಗೆ ತಂದುಕೊಟ್ಟಿದ್ದಾನೆ ಎಂದು. ಹತ್ತು ರೂಪಾಯಿ ಆ ವಾರವೇ ಊರಿಗೆ ಮನಿಆರ್ಡರ್ ಆಯಿತು. ಕಾಗದ ತೋರಿಸಿ ಮುಂದಿನ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವ ಕೆಲಸ ಸಿಕ್ಕಿತು. ಒಳ್ಳೆಯವನು, ಮೆಚ್ಚಿದ್ದೇನೆ ಎಂದಷ್ಟೇ ಬರೆದಿದ್ದರೆ ಆ ಕಾಗದಕ್ಕೆ ಅಷ್ಟು ಬೆಲೆ ಇರುತ್ತಿರಲಿಲ್ಲ. ಪಾಕೀಟಿನ ಸಂಗತಿ ಇದ್ದುದರಿಂದ ಓದಿದವರು ನಂಬಿದರು.

ಹಾಗಾಗಿ ಮಾಲೀಕರ ಹೆಸರಿಗೆ ಒಂದು ಪತ್ರ ಬರೆಯಿರಿ. ಲಿಫ್ಟ್ ನಿಂತ ದಿನ, ಆಟೋ ತಂದ ರಾತ್ರಿ, ನಳಿಕೆಯ ಗಂಜಿ, ನೀವು ಇಲ್ಲಿ ಬರೆದದ್ದನ್ನೇ ಹೆಸರು ಸಮೇತ ಬರೆದರೆ ಸಾಕು. ಪ್ರತಿಯೊಬ್ಬರಿಗೂ ಅವರವರ ಭಾಗ ಇರುವ ಪ್ರತಿ ಕೊಡಿ. ಇಂಟರ್‌ನೆಟ್ಟಿನಲ್ಲಿ ಲಾಡ್ಜಿನ ವಿಮರ್ಶೆ ಹಾಕುವಾಗಲೂ ಅವರನ್ನು ಕೇಳಿ ಹೆಸರು ಹಾಕಿ, ಈಗಿನ ಮ್ಯಾನೇಜರ್‌ಗಳು ಅದನ್ನು ಓದುತ್ತಾರೆ. ರೂಮ್ ಬಾಯ್‌ಗೆ ಮುಂದೆ ಓದುವ ಮನಸ್ಸಿದೆಯೇ ಎಂದೂ ಒಮ್ಮೆ ಕೇಳಿನೋಡಿ.

---

ಸಾಗರದವಳು:

ನಿನ್ನೆಯಿಂದ ಇದನ್ನೆಲ್ಲ ಅಪ್ಪಯ್ಯನಿಗೆ ಓದಿ ಹೇಳುತ್ತಿದ್ದೇನೆ. ಮಾತಾಡಲು ಆಗುವುದಿಲ್ಲ, ಸ್ಲೇಟಿನ ಮೇಲೆ ಬರೆಯುತ್ತಾರೆ. ಪಂಚಮಿ ವಿಷಯ ಓದಿದಾಗ "ಹುಡುಗನಿಗೆ 3000" ಎಂದು ಬರೆದರು. ಅದೇ ಆಗಲಿ. ಅವನನ್ನು ಕೇಳಿದೆ, ಎರಡು ವರ್ಷದಿಂದ ಪಂಚಮಿಗೆ ಊರಿಗೆ ಹೋಗಿಲ್ಲವಂತೆ. ಮ್ಯಾನೇಜರ್ ಹತ್ತಿರ ಇವತ್ತು ಮಾತಾಡಿದೆ, ನೋಡೋಣ ಅಂದಿದ್ದಾರೆ. ಪತ್ರದಲ್ಲೂ ಬರೆಯುತ್ತೇನೆ. ಪಿಯುಸಿಯಲ್ಲಿ ಇಂಗ್ಲಿಷ್ ಒಂದು ಉಳಿದಿದೆಯಂತೆ. ನಾನು ಹೈಸ್ಕೂಲ್ ಟೀಚರ್, ಪರೀಕ್ಷೆ ಕಟ್ಟುವುದಾದರೆ ಫೋನಿನಲ್ಲಿ ಪಾಠ ಹೇಳಿಕೊಡುತ್ತೇನೆ ಎಂದು ನಂಬರ್ ಕೊಟ್ಟಿದ್ದೇನೆ.

ವಾಚ್‌ಮನ್ ಅವರಿಗೆ ಒಳ್ಳೆಯ ರೈನ್‌ಕೋಟ್, ಗಂಬೂಟ್, ಒಂದು ಕವರ್. ಅವರ ಈಗಿನ ರೈನ್‌ಕೋಟ್ ಭುಜದ ಹತ್ತಿರ ಹರಿದಿದೆ, ಮಳೆ ಇನ್ನೂ ಎರಡು ತಿಂಗಳಿದೆ. ಬಟ್ಟೆ ಒಗೆಯುವವರು ಗಂಡ ಹೆಂಡತಿ, ಒಡಿಶಾದವರು, ಹಿಂದಿನ ಶೆಡ್ಡಿನಲ್ಲಿ ಇರುತ್ತಾರೆ. ಇವತ್ತು ಹುಡುಕಿಕೊಂಡು ಹೋಗಿ ಮಾತಾಡಿಸಿ ಬಂದೆ. ಅವರಿಗೂ ಕವರ್. ರಿಸೆಪ್ಶನ್‌ನವರಿಗೆ ಚರಕದ ಶರ್ಟ್.

ಕವರ್ ಜೊತೆ ಎಲೆ ಅಡಿಕೆ ಇಡುವುದು ನಮ್ಮ ಮನೆಯ ಕ್ರಮ. ಅಡಿಕೆ ತೋಟದವರು ನಾವು. ಆದರೆ ಈ ಎರಡು ತಿಂಗಳು ಆ ವಾರ್ಡಿನ ಹೊರಗೆ ಕೂತು ಎಷ್ಟು ಬಾಯಿಗಳನ್ನು ನೋಡಿದ್ದೇನೆ. ನನ್ನ ಕೈಯಿಂದ ಈ ಸಲ ಅಡಿಕೆ ಕೊಡಲಾರೆ. ಅರಿಶಿನ ಕುಂಕುಮ, ತೆಂಗಿನಕಾಯಿ, ಬಾಳೆಹಣ್ಣು ಇಡುತ್ತೇನೆ.

ಎರಡು ಪ್ರಶ್ನೆ ಉಳಿದಿವೆ. ಹೌಸ್‌ಕೀಪಿಂಗ್ ಅಕ್ಕನಿಗೆ ಸೀರೆ ಕೊಡಬೇಕೆಂದು ತುಂಬ ಮನಸ್ಸಿದೆ, ಯಾವುದು? ದುಡ್ಡು ಬೇಡ ಅಂದ ಭಟ್ಟರಿಗೆ ಏನು ಮಾಡಲಿ?

---

ಕುಂದಾಪ್ರದವ:

ಅಕ್ಕ, ಅಡಿಕೆ ಬಿಟ್ಟದ್ದು ಒಳ್ಳೆಯದೇ ಆಯಿತು. ಯಾರೂ ತಪ್ಪು ತಿಳಿಯುವುದಿಲ್ಲ.

ಸೀರೆ ಕೊಡುವುದಾದರೆ ಉಡುಪಿ ಸೀರೆ ಕೊಡಿ. ಹತ್ತಿಯದು, ಹಗುರ, ಒಗೆದಷ್ಟೂ ಮೆತ್ತಗಾಗುತ್ತದೆ. ನೇಕಾರರು ಕಡಿಮೆಯಾಗಿ ನಿಂತೇ ಹೋಗುವ ಸ್ಥಿತಿಗೆ ಬಂದಿತ್ತು, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದವರು ಮತ್ತೆ ಎಬ್ಬಿಸಿದ್ದಾರೆ. ನಮ್ಮ ಕಡೆಯ ಹೆಂಗಸರಿಗೆ ಅದರ ಮೇಲೆ ಅಭಿಮಾನ ಇದೆ, ಅಜ್ಜಿಯಂದಿರು ಉಡುತ್ತಿದ್ದ ಸೀರೆ ಅದು. ರವಿಕೆ ಹೊಲಿಸುವ ದುಡ್ಡನ್ನೂ ಸೀರೆಯ ಮಡಿಕೆಯಲ್ಲಿ ಇಡಿ, ಇಲ್ಲದಿದ್ದರೆ ಸೀರೆ ಕೊಟ್ಟು ಖರ್ಚು ಹಚ್ಚಿದ ಹಾಗೆ. ಅದರ ಹೊರತು ಬೇರೆ ಒಂದು ಕವರೂ ಇರಲಿ. ಚೀಟಿ ಮರೆಯಬೇಡಿ.

ಭಟ್ಟರಿಗೆ ದುಡ್ಡು ಕೊಡಲೇಬೇಡಿ, ಒಮ್ಮೆ ಬೇಡ ಅಂದವರನ್ನು ಮತ್ತೆ ಒತ್ತಾಯಿಸಿದರೆ ನೋವಾಗುತ್ತದೆ. ಒಂದು ಜೊತೆ ಪಂಚೆ, ಶಲ್ಯ ತನ್ನಿ. ಜೊತೆಗೆ ನಿಮ್ಮ ಜೋನಿ ಬೆಲ್ಲ, ಅಪ್ಪೆಮಿಡಿ. ಅಡುಗೆಯವರಿಗೆ ಇನ್ನೊಬ್ಬರ ಮನೆಯಲ್ಲಿ ಮಾಡಿದ ಒಳ್ಳೆಯ ಉಪ್ಪಿನಕಾಯಿ ಸಿಗುವುದು ಅಪರೂಪ, ಅದು ಅವರಿಗೆ ಖುಷಿ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವರು, ಪಾತ್ರೆ ತೊಳೆಯುವವರು ಇನ್ನೂ ಮೂರು ನಾಲ್ಕು ಜನ ಇರುತ್ತಾರೆ. ಅವರಿಗೆಂದು ಒಂದು ಮೊತ್ತವನ್ನು ಭಟ್ಟರ ಕೈಯಲ್ಲಿ ಕೊಟ್ಟು "ನೀವೇ ಹಂಚಿ" ಅನ್ನಿ. ಅದನ್ನು ಬೇಡ ಅನ್ನಲಾರರು.

ಆದರೆ ಪಂಚೆ ಶಲ್ಯ ನೀವು ಕೊಡಬೇಡಿ, ಅಪ್ಪಯ್ಯನ ಕೈಯಿಂದ ಕೊಡಿಸಿ. ಅವರು ಕೆಳಗೆ ಇಳಿದು ಬರಬಲ್ಲರಾದರೆ ಮಧ್ಯಾಹ್ನ ಮೂರೂವರೆಗೆ ಬನ್ನಿ. ಊಟದ ಗಡಿಬಿಡಿ ಮುಗಿದಿರುತ್ತದೆ, ಸಂಜೆಯ ಬಜ್ಜಿ ಬೋಂಡಾ ಶುರುವಾಗಿರುವುದಿಲ್ಲ. ಆ ಅರ್ಧ ಗಂಟೆ ಮಾತ್ರ ಅಡುಗೆಯವರು ಕೂತಿರುತ್ತಾರೆ.

---

ಸಾಗರದವಳು:

ಅಪ್ಪಯ್ಯ ತಲೆ ಆಡಿಸಿದರು, ಗುರುವಾರ ಮೂರೂವರೆಗೆ ಇಳಿಯುತ್ತಾರಂತೆ. ಶಲ್ಯ ಮಾತ್ರ ತಾನೇ ಆರಿಸಬೇಕು, ಅಂಗಡಿಯವನು ಫೋನಿನಲ್ಲಿ ಫೋಟೋ ಕಳಿಸಲಿ ಎಂದು ಸ್ಲೇಟಿನಲ್ಲಿ ಬರೆದರು. ಸೀರೆಗೆ ನಾಳೆ ಹೋಗುತ್ತೇನೆ. ಜೋನಿ ಬೆಲ್ಲದ ಡಬ್ಬಿ, ಅಪ್ಪೆಮಿಡಿ, ಶರ್ಟ್ ಮೂರನ್ನೂ ಬುಧವಾರ ಬೆಳಗಿನ ಬಸ್ಸಿಗೆ ಹಾಕಲು ತಮ್ಮನಿಗೆ ಹೇಳಿದ್ದೇನೆ. ಪಕ್ಕದ ರೂಮಿನ ಹಾವೇರಿಯವರಿಗೂ ಒಂದು ಡಬ್ಬಿ ಬೆಲ್ಲ ಹೆಚ್ಚಿಗೆ ತರಿಸುತ್ತಿದ್ದೇನೆ, ಅಂಬಲಿಗೆ ಹಾಕಲು ಆಗುತ್ತದೆ.